ಕರಣೆಗಳ ಲೆಕ್ಕ

ಹೊಸ ಕಟ್ಟಡದ ಉದ್ಘಾಟನೆಗೆ
ಎರಡು ಪುಟದ ಇತಿಹಾಸ ಬೇಕಂತೆ.
ಡೀನ್ ಹೇಳಿದರು: ಚಿಕ್ಕದಾಗಿರಲಿ, ಚೊಕ್ಕವಾಗಿರಲಿ,
ದಾನಿಗಳ ಹೆಸರು ಮಾತ್ರ ಬಿಟ್ಟುಹೋಗದಿರಲಿ.
ಇಪ್ಪತ್ತಾರು ವರ್ಷ ಈ ಕಚೇರಿಯಲ್ಲಿ
ಹಾಜರಿ ಬರೆದವಳು ನಾನು,
ಟಾರ್ಚು ಹಿಡಿದು ನೆಲಮಾಳಿಗೆಗೆ ಇಳಿದೆ.

ಮೊದಲ ಸಾಲು ಸುಲಭ.
ಯುದ್ಧ ಮುಗಿದ ಮರುವರ್ಷ,
ಜಾರ್ಜಿಯಾದ ಈ ಕೆಂಪು ಮಣ್ಣಿನ ಮೇಲೆ
ಹದಿನೇಳು ಹುಡುಗರಿಂದ ಶುರುವಾಯಿತು
ಕಟ್ಟಡ ನಿರ್ಮಾಣ ಶಾಲೆ.
ಸೇತುವೆ ಉರುಳಿಸುವುದನ್ನಷ್ಟೇ ಕಲಿತವರು
ಸೈನ್ಯದ ಬೂಟಿನಲ್ಲೇ ತರಗತಿಗೆ ಬಂದರು.

ಎರಡನೆಯ ಸಾಲಿಗೆ ನಗು ಬಂತು:
ಕಟ್ಟುವುದ ಕಲಿಸುವ ಶಾಲೆಗೆ
ಕಟ್ಟಡವೇ ಇರಲಿಲ್ಲ.
ಮೊದಲು ವಿಮಾನದಳ ಬಿಟ್ಟುಹೋದ ಹಲಗೆ ಷೆಡ್ಡು,
ಆಮೇಲೆ ಕೋಳಿ ಸಾಕಣೆ ವಿಭಾಗದ ಹಿಂಬದಿ,
ನಕ್ಷೆಗಳ ಹಸಿ ಮಸಿಗೆ ಪುಕ್ಕ ಅಂಟುತ್ತಿತ್ತಂತೆ.
ಆಮೇಲೆ ಹನ್ನೊಂದು ವರ್ಷ
ಫುಟ್‌ಬಾಲ್ ಮೈದಾನದ ಮೆಟ್ಟಿಲುಗಳಡಿ.
ನಮ್ಮ ತಂಡ ಗೆದ್ದ ಶನಿವಾರ
ತೊಲೆ ಹೊರುವ ಭಾರದ ಪಾಠ
ತಲೆಯ ಮೇಲೇ ಕುಣಿಯುತ್ತಿತ್ತು.

ಖಾಯಮ್ಮಾಗಿ ಇದ್ದದ್ದು ಒಂದು ಗೋಡೆ,
ಅದೂ ಖಾಯಂ ಅಲ್ಲ.
ಸೆಪ್ಟೆಂಬರಿಗೆ ಏಳುತ್ತಿತ್ತು, ಆರಡಿ,
ಡಿಸೆಂಬರಿಗೆ ಕೆಡವುತ್ತಿದ್ದರು.
ಹೊಸ ಇಟ್ಟಿಗೆಗೆ ದುಡ್ಡಿಲ್ಲ,
ಅದಕ್ಕೇ ಗಾರೆಗೆ ಸಿಮೆಂಟಿಲ್ಲ, ಬರೀ ಸುಣ್ಣ, ಮರಳು.
ಹಿಡಿಯಬೇಕು,
ಬಿಡು ಎಂದಾಗ ಬಿಡಲೂ ಬೇಕು.
ಆ ಹದ ಯಾವ ಪಠ್ಯದಲ್ಲೂ ಇಲ್ಲ.
ಹೇಳಿಕೊಟ್ಟವರು ಯಾರು?

ಪ್ರೊಫೆಸರುಗಳ ಪಟ್ಟಿಯಲ್ಲಿ ಇಲ್ಲ.
ಗುಂಪಿನ ಫೋಟೋಗಳಲ್ಲಿ ಇಲ್ಲ.
ಒಂದರಲ್ಲಿ ಮಾತ್ರ, ಬಲ ಅಂಚಿನಲ್ಲಿ,
ಚೌಕಟ್ಟು ಕತ್ತರಿಸಿದ ಒಂದು ತೋಳು,
ತೋಳಿನ ತುದಿಯಲ್ಲಿ ರಸಮಟ್ಟ.

ಸಿಕ್ಕಿದ್ದು ಸಾಮಾನು ಕೋಣೆಯ ರಿಜಿಸ್ಟರಿನಲ್ಲಿ.
"ಕರಣೆ ನಲವತ್ತು. ತೂಗುಗುಂಡು ಒಂಬತ್ತು.
ರಸಮಟ್ಟ ಆರು, ಒಂದು ಒಡೆದಿದೆ.
ಜವಾಬ್ದಾರಿ: ಲೆಮ್ಯುಯೆಲ್ ಸ್ಟ್ರಿಕ್‌ಲ್ಯಾಂಡ್, ಕಾವಲು."
ಹತ್ತೊಂಬತ್ತು ವರ್ಷ ಅದೇ ಕೈಬರಹ,
ಇಟ್ಟಿಗೆಯ ವರಸೆಯ ಹಾಗೆ, ಸಂದು ಸಮ.

ಕಪ್ಪು ಗಾರೆಯವರು.
ಅವರ ಮಗನಿಗೆ ಇಲ್ಲಿ ಕೂತು ಕಲಿಯಲು
ಅನುಮತಿಯಿಲ್ಲದ ಕಾಲ.
ನಿಂತು ಕಲಿಸಲು ಅವರಿಗೆ ಹುದ್ದೆಯಿಲ್ಲ.
ಸಂಬಳದ ಪಟ್ಟಿ ನುಂಗಿದ್ದನ್ನು
ಪುಟದ ಅಂಚು ಉಗುಳುತ್ತದೆ:
"ಆಲ್‌ಗುಡ್ ಹುಡುಗನ ಮಣಿಕಟ್ಟು ಬಿಗಿ. ಸಡಿಲಾಗಬೇಕು."
"ಎಡಚನಿಗೆ ಎಡದ ಮೂಲೆ ಕೊಡುವುದು."
"ಪ್ರೊಫೆಸರ್ ಪ್ರ್ಯಾಟ್ ಇವತ್ತು ಮೂಲೆ ಏರಿಸಲು ಕಲಿತರು.
ಯಾರಿಗೂ ಹೇಳಬೇಡ ಎಂದಿದ್ದಾರೆ."

ಯಾರಿಗೂ ಹೇಳಿಲ್ಲ.
ಬರೆದಿಟ್ಟಿದ್ದಾರೆ, ಅಷ್ಟೆ.

ಅರವತ್ತಾರರ ಸೆಪ್ಟೆಂಬರ್.
"ಕರಣೆ ಒಂದು.
ಪಡೆದವರು: ರೋಸ್ಕೋ ಸ್ಟ್ರಿಕ್‌ಲ್ಯಾಂಡ್, ವಿದ್ಯಾರ್ಥಿ."
ಬೇರೇನೂ ಇಲ್ಲ. ಕೊನೆಯ ಪದದ ಬಳಿ ಪೆನ್ನು
ತುಸು ಹೊತ್ತು ನಿಂತಿರಬೇಕು,
ಮಸಿ ಹಿಂದಿನ ಪುಟಕ್ಕೂ ಇಳಿದಿದೆ.
ವಾಪಸಾತಿಯ ಅಂಕಣ ಖಾಲಿ.
ಮರುವರ್ಷ ಬೇರೆ ಕೈ, ಅವಸರದ ಅಕ್ಷರ:
"ಕರಣೆ ಮೂವತ್ತೊಂಬತ್ತು. ಒಂದು ಕಾಣೆ."

ಮೇಲೆ ಬಂದಾಗ ಕಣ್ಣು ಕುಕ್ಕಿತು.
ಹೊಸ ಕಟ್ಟಡದ ತುಂಬ ಗಾಜು, ಒಂದೂ ಇಟ್ಟಿಗೆಯಿಲ್ಲ.
ಹಳೆಯವು ಲಾರಿ ನಿಲ್ಲುವ ಜಾಗದ ಹಿಂದೆ,
ತಾರಪಾಲಿನಡಿ, ಮೈಗೆಲ್ಲ ಸುಣ್ಣ ಬಳಿದುಕೊಂಡು
ಮುಂದಿನ ಸೆಪ್ಟೆಂಬರಿಗೆ ಕಾಯುತ್ತಿವೆ.
ಯಾರೂ ಅವುಗಳಿಗೆ ಇನ್ನೂ ಹೇಳಿಲ್ಲ.

ಎರಡು ಪುಟ ಟೈಪು ಮಾಡಿ ಕೊಟ್ಟೆ.
ಡೀನ್ ಬೆರಳು ದಾನಿಗಳ ಪಟ್ಟಿಯ ಮೇಲೆ ಇಳಿಯುತ್ತಾ
ಕೊನೆಯ ಹೆಸರಿಗೆ ನಿಂತಿತು.
ಇವರು ಯಾರು? ಎಷ್ಟು ಕೊಟ್ಟರು?

ನಲವತ್ತು ಕರಣೆ ಸಾರ್, ಪ್ರತಿ ವರ್ಷ,
ಕೊಟ್ಟದ್ದಕ್ಕೂ ತಂದಿಟ್ಟದ್ದಕ್ಕೂ ಲೆಕ್ಕವಿದೆ.
ಒಂದು ಮಾತ್ರ
ಇನ್ನೂ ಕೆಲಸದಲ್ಲಿದೆ.